ಗಡ್ಡೆ ಒಂದು ಕಡೆ, ಕೆಟ್ಟಿದ್ದು ಇಡೀ ಹೊಲ: ‘ಫೀಲ್ಡ್ ಕ್ಯಾನ್ಸರೈಸೇಷನ್’ ಅಂದರೆ ಏನು?

ಪ್ರಶ್ನೆ: ನಮಸ್ಕಾರ ಡಾಕ್ಟರ್ರೇ. ನಮ್ಮದು ರಾಯಬಾಗ ತಾಲ್ಲೂಕು, ಕಬ್ಬು ಬೆಳೆಯುವ ಮನೆತನ. ನಮ್ಮ ಅಪ್ಪಾಜಿಗೆ 61 ವರ್ಷ. ಮೂವತ್ತು ವರ್ಷಕ್ಕೂ ಜಾಸ್ತಿ ತಂಬಾಕು-ಸುಣ್ಣ, ಎಲೆ-ಅಡಿಕೆ ಹಾಕಿದವರು. ಮೂರು ವರ್ಷದ ಹಿಂದೆ ಬಲಗೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಬೆಳಗಾವಿಯಲ್ಲಿ ಆಪರೇಷನ್ ಮಾಡಿಸಿದೆವು, ಕರೆಂಟ್ (ರೇಡಿಯೇಷನ್) ಕೂಡ ಕೊಡಿಸಿದೆವು. ಆಗ ‘ಅಂಚು ಪೂರ್ತಿ ಕ್ಲಿಯರ್ ಇದೆ’ ಅಂದಿದ್ದರು. ಈಗ ನಾಲಿಗೆಯ ಎಡಬದಿಯಲ್ಲಿ ಬಿಳಿ ಮಚ್ಚೆ ಬಂದಿದೆ. ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟಿನಲ್ಲಿ ‘ಮಾಡರೇಟ್ ಡಿಸ್‌ಪ್ಲೇಸಿಯಾ, ಫೀಲ್ಡ್ ಕ್ಯಾನ್ಸರೈಸೇಷನ್ ಇರಬಹುದು, ಕ್ಲಿನಿಕಲ್ ಆಗಿ ಹೊಂದಿಸಿ ನೋಡಿ’ ಅಂತ ಬಂದಿದೆ. ನನ್ನ ತಮ್ಮ ಮೊಬೈಲಿನಲ್ಲಿ ಹುಡುಕಿ, ‘ಫೀಲ್ಡ್ ಅಂದರೆ ಹೊಲ, ಹೊಲದ ತುಂಬ ಹರಡಿದೆ, ಇನ್ನು ಏನು ಮಾಡಿದರೂ ಅಷ್ಟೇ’ ಅಂದುಬಿಟ್ಟ. ಅವನೂ ದಿನಾ ಮಾವಾ (ಅಡಿಕೆ-ತಂಬಾಕು-ಸುಣ್ಣದ ಮಿಶ್ರಣ) ಹಾಕುವವನೇ. ಅವನ ಮಾತು ಕೇಳಿ ಅಪ್ಪಾಜಿ ಮತ್ತೆ ತಂಬಾಕಿನ ಡಬ್ಬಿ ಹಿಡಿದಿದ್ದಾರೆ. ನಿಜವಾಗಿ ಈ ಶಬ್ದದ ಅರ್ಥ ಏನು?

ಉತ್ತರ: ಮೊದಲು ಮುಖ್ಯ ಮಾತು ಹೇಳಿಬಿಡುತ್ತೇನೆ. ನೀವು ಬರೆದ ರಿಪೋರ್ಟಿನಲ್ಲಿ ಕ್ಯಾನ್ಸರ್ ಹರಡಿದೆ ಅಂತ ಎಲ್ಲೂ ಇಲ್ಲ. ಆ ಬಿಳಿ ಮಚ್ಚೆ ಕ್ಯಾನ್ಸರ್ ಆಗಿದೆ ಅಂತಲೂ ಇಲ್ಲ. ಇದನ್ನು ಇವತ್ತೇ ಅಪ್ಪಾಜಿ ಹತ್ತಿರ ಕೂತು ಹೇಳಿ. ಉಳಿದದ್ದನ್ನು ಆಮೇಲೆ ಸಾವಕಾಶವಾಗಿ ಓದಿ.

ನಾನು ಬೆಳಗಾವಿಯಲ್ಲಿ ಬಾಯಿ, ಗಂಟಲಿನ ತುಂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರಿಪೋರ್ಟ್ ಬರೆಯುವ ಕೆಲಸದಲ್ಲಿದ್ದೇನೆ. ಅಂದರೆ ನಿಮ್ಮನ್ನು ಹೆದರಿಸಿದ ಈ ಶಬ್ದವನ್ನು ಕಾಗದದ ಮೇಲೆ ಬರೆಯುವವರಲ್ಲಿ ನಾನೂ ಒಬ್ಬ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬ ರೋಗಿಯ ರಿಪೋರ್ಟಿನಲ್ಲಿ ಇದನ್ನು ಬರೆದು ಸುಮ್ಮನಾಗಿದ್ದೆ. ಏನು ಅಂತ ಯಾರೂ ಅವರಿಗೆ ಬಿಡಿಸಿ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವರ ಮನೆಯವರು ನಿಮ್ಮ ತಮ್ಮನ ಹಾಗೆಯೇ ಕೊನೆಯ ಹಂತ ಅಂತ ತಿಳಿದು ತಪಾಸಣೆಗೆ ಬರುವುದನ್ನೇ ಬಿಟ್ಟರು. ಎರಡು ವರ್ಷದ ಮೇಲೆ ಬಂದಾಗ ನಿಜವಾಗಿಯೂ ತಡವಾಗಿತ್ತು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಫೀಲ್ಡ್ ಅಂದರೆ ಹೊಲ ಅಂತ ನಿಮ್ಮ ತಮ್ಮ ಹೇಳಿದ್ದು ಸರಿಯೇ. ಹೊಲ ಅಂದರೆ ಇಲ್ಲಿ ಯಾವುದು, ಅದಕ್ಕೆ ಏನಾಗಿದೆ ಅನ್ನುವುದರಲ್ಲಿ ತಪ್ಪಿದ್ದಾರೆ. ನೀವು ಕೃಷ್ಣಾ ನದಿಯ ಕಡೆಯವರು, ಕಬ್ಬು ಬೆಳೆಯುವವರು. ಸವಳು ಬಿದ್ದ ಹೊಲ ನೋಡಿರುತ್ತೀರಿ. ಹತ್ತಾರು ವರ್ಷ ಎರೆಭೂಮಿಗೆ ಅಳತೆ ಮೀರಿ ನೀರು ಹಾಯಿಸುತ್ತಾರೆ. ಒಂದು ದಿನ ಯಾವುದೋ ಮೂಲೆಯಲ್ಲಿ ಬಿಳಿ ಉಪ್ಪು ಮೇಲೆದ್ದು ಕಾಣುತ್ತದೆ. ಆ ಮೂಲೆಯ ಮಣ್ಣು ತೆಗೆದು ಹೊರಗೆ ಚೆಲ್ಲಿದರೆ ಮುಗಿಯಿತೇ? ಇಲ್ಲ. ಹಸಿರು ಕಾಣುವ ಪಕ್ಕದ ಸಾಲುಗಳ ಕೆಳಗೂ ಉಪ್ಪು ಸೇರಿಕೊಂಡಿರುತ್ತದೆ, ಇನ್ನೂ ಮೇಲೆ ಬಂದಿಲ್ಲ ಅಷ್ಟೇ. ಮುಂದಿನ ವರ್ಷ ಇನ್ನೊಂದು ಕಡೆ ಬಿಳಿ ಕಂಡರೆ, ಮೊದಲ ಮೂಲೆಯ ಉಪ್ಪು ಅಲ್ಲಿಗೆ ಹಾರಿ ಬಂತು ಅಂತ ಯಾವ ರೈತನೂ ಹೇಳುವುದಿಲ್ಲ. ನೀರು ಕುಡಿದದ್ದು ಇಡೀ ಹೊಲ, ಅಲ್ವಾ?

ಬಾಯಿಯ ಒಳಪದರವೇ ಇಲ್ಲಿ ಹೊಲ. ತುಟಿಯ ಒಳಭಾಗ, ಎರಡೂ ಕೆನ್ನೆ, ವಸಡು, ನಾಲಿಗೆ, ನಾಲಿಗೆಯ ಕೆಳಗಿನ ನೆಲ, ಅಲ್ಲಿಂದ ಮುಂದೆ ಗಂಟಲು, ಅನ್ನನಾಳದವರೆಗೆ ಒಂದೇ ಜಾತಿಯ ಪದರ ಹಾಸಿಕೊಂಡಿದೆ. ತಂಬಾಕಿನ ರಸ ಮೂವತ್ತು ವರ್ಷ ಓಡಾಡಿದ್ದು ಬಲಗೆನ್ನೆಯಲ್ಲಿ ಮಾತ್ರ ಅಲ್ಲ. ಉಂಡೆ ಇಟ್ಟ ಜಾಗಕ್ಕೆ ಪೆಟ್ಟು ಜಾಸ್ತಿ, ಅದು ಹೌದು. ಆದರೆ ಉಗುಳಿನ ಜೊತೆ ರಸ ಬಾಯಿ ತುಂಬ ತಿರುಗುತ್ತದೆ, ಗಂಟಲಿಗೂ ಇಳಿಯುತ್ತದೆ. ಹೀಗೆ ದೊಡ್ಡ ಜಾಗದ ಜೀವಕೋಶಗಳಿಗೆ ಒಳಗೊಳಗೇ ಏಟು ಬಿದ್ದು, ಅವು ಕ್ಯಾನ್ಸರಿನ ದಾರಿಯಲ್ಲಿ ಒಂದು, ಎರಡು, ಮೂರು ಹೆಜ್ಜೆ ಮುಂದೆ ಹೋಗಿರುವ ಸ್ಥಿತಿಗೆ ಫೀಲ್ಡ್ ಕ್ಯಾನ್ಸರೈಸೇಷನ್ ಅನ್ನುತ್ತೇವೆ. ಹೆಚ್ಚಿನವು ಆ ದಾರಿಯ ಕೊನೆ ಮುಟ್ಟುವುದೇ ಇಲ್ಲ. ಕೆಲವು ಮುಟ್ಟುತ್ತವೆ. ಯಾವುದು ಮುಟ್ಟುತ್ತದೆ ಅಂತ ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ. ಅದಕ್ಕೆ ಇಡೀ ಹೊಲವನ್ನು ಕಾಯಬೇಕು.

ಈ ಹೆಸರು ಹುಟ್ಟಿದ್ದು 1953ರಲ್ಲಿ. ಅಮೆರಿಕದ ಡಾನೆಲಿ ಸ್ಲಾಟರ್, ಹ್ಯಾರಿ ಸೌತ್‌ವಿಕ್, ವಾಲ್ಟರ್ ಸ್ಮೆಜ್ಕಲ್ ಅನ್ನುವ ಮೂವರು ವೈದ್ಯರು 783 ಜನ ಬಾಯಿ ಕ್ಯಾನ್ಸರ್ ರೋಗಿಗಳನ್ನು ಅಭ್ಯಾಸ ಮಾಡಿ ಬರೆದ ಲೇಖನದಲ್ಲಿ ಇದನ್ನು ಬಳಸಿದರು. ಅವರು ಗಡ್ಡೆಯನ್ನು ಮಾತ್ರ ನೋಡಿ ಬಿಡಲಿಲ್ಲ. ಗಡ್ಡೆಯ ಸುತ್ತಲಿನ, ಕಣ್ಣಿಗೆ ಚೆನ್ನಾಗಿಯೇ ಕಾಣುವ ಪದರವನ್ನೂ ಕೊಯ್ದು ನೋಡಿದರು. ಅಲ್ಲಿಯೂ ಜೀವಕೋಶಗಳು ಸರಿ ಇರಲಿಲ್ಲ. ನೂರರಲ್ಲಿ ಸುಮಾರು ಹನ್ನೊಂದು ಜನರಿಗೆ ಒಂದಕ್ಕಿಂತ ಜಾಸ್ತಿ ಗಡ್ಡೆ, ಬೇರೆ ಬೇರೆ ಜಾಗದಲ್ಲಿ, ತಾವಾಗಿಯೇ ಎದ್ದಿದ್ದವು. ಇಷ್ಟು ಚೆನ್ನಾಗಿ ಕೊಯ್ದು ತೆಗೆದರೂ ಕೆಲವರಿಗೆ ಮತ್ತೆ ಯಾಕೆ ಬರುತ್ತದೆ ಅನ್ನುವ ಪ್ರಶ್ನೆಗೆ ಸಿಕ್ಕ ಮೊದಲ ಒಳ್ಳೆಯ ಉತ್ತರ ಅದು. ಅದೇ 1953ರಲ್ಲಿ ನಮ್ಮ ದೇಶದ ಎಸ್. ಜಿ. ಜೋಶಿ ಅವರು, ಬಾಯಿಯ ಒಳಗೆ ನಾರು ಬೆಳೆದು ಬಾಯಿ ತೆರೆಯಲು ಬಾರದಂತೆ ಬಿಗಿಯುವ ರೋಗದ ಬಗ್ಗೆ ಬರೆದರು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಅದರ ಹೆಸರು. ಅದಕ್ಕೆ ಮುಖ್ಯ ಕಾರಣ ಅಡಿಕೆ. ನಮ್ಮ ಕಡೆಯ ಬಾಯಿಗಳಲ್ಲಿ ಈ ಎರಡೂ ಕಥೆ ಒಟ್ಟಿಗೇ ಕಾಣುತ್ತವೆ, ಅದಕ್ಕೆ ಹೇಳಿದೆ.

ಇನ್ನು ನೀವು ನೇರವಾಗಿ ಕೇಳದಿದ್ದರೂ ನಿಮ್ಮ ಪತ್ರದಲ್ಲಿ ಇರುವ ಪ್ರಶ್ನೆ. ‘ಅಂಚು ಪೂರ್ತಿ ಕ್ಲಿಯರ್’ ಅಂದಿದ್ದರಲ್ಲ, ಹಾಗಾದರೆ ಇದು ಎಲ್ಲಿಂದ ಬಂತು? ಆಗ ರಿಪೋರ್ಟ್ ತಪ್ಪು ಕೊಟ್ಟಿದ್ದರೇ?

ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಗಡ್ಡೆ ತೆಗೆಯುವಾಗ ಅದರ ಸುತ್ತ ಸುಮಾರು ಒಂದು ಸೆಂಟಿಮೀಟರ್ ಚೆನ್ನಾಗಿರುವ ಜಾಗವನ್ನೂ ಸೇರಿಸಿ ಸರ್ಜನ್ನರು ಕೊಯ್ಯುತ್ತಾರೆ. ಆ ತುಂಡು ನನ್ನಂಥವರ ಮೇಜಿಗೆ ಬರುತ್ತದೆ. ಅದರ ಅಂಚಿಗೆ ಬಣ್ಣ ಹಚ್ಚಿ, ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹಾಕಿ ನೋಡುತ್ತೇವೆ. ಅಂಚಿನಲ್ಲಿ ಕ್ಯಾನ್ಸರ್ ಕೋಶ ಇಲ್ಲ ಅಂದರೆ ‘ಕ್ಲಿಯರ್’ ಅಂತ ಬರೆಯುತ್ತೇವೆ. ಆ ಮಾತು ಆ ಗಡ್ಡೆಗೆ ಸೇರಿದ್ದು. ಉಳಿದ ಬಾಯಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಇನ್ನೊಂದು ವಿಷಯ ಇದೆ. ಜೀವಕೋಶದ ಒಳಗಿನ ಜೀನ್ ಕೆಟ್ಟಿದ್ದರೂ ಹೊರಗಿನ ರೂಪ ಮೊದಮೊದಲು ಬದಲಾಗುವುದಿಲ್ಲ. ಸೂಕ್ಷ್ಮದರ್ಶಕಕ್ಕೆ ಕಾಣುವುದು ರೂಪ ಮಾತ್ರ.

ಇದರ ಒಳಗುಟ್ಟು ನಂತರದ ವರ್ಷಗಳಲ್ಲಿ ಬಿಡಿಸಿಕೊಂಡಿತು. ಬಾಯಿಯ ಒಳಪದರ ಸುಮಾರು ಎರಡು ವಾರಕ್ಕೊಮ್ಮೆ ಹೊಸದಾಗುತ್ತಾ ಇರುತ್ತದೆ. ಮೇಲಿನ ಕೋಶಗಳು ಉದುರುತ್ತವೆ, ಕೆಳಗಿನಿಂದ ಹೊಸವು ಬರುತ್ತವೆ. ಹಾಗಾಗಿ ಮೇಲಿನ ಕೋಶ ಕೆಟ್ಟರೆ ಚಿಂತೆ ಇಲ್ಲ, ಅದು ಹೇಗೂ ಉದುರಿಹೋಗುತ್ತದೆ. ತಳದಲ್ಲಿ ಕೂತು ಹೊಸ ಕೋಶಗಳನ್ನು ಹುಟ್ಟಿಸುವ ತಾಯಿಕೋಶ ಕೆಟ್ಟರೆ ಕಷ್ಟ. ಅದರಿಂದ ಹುಟ್ಟುವ ಎಲ್ಲ ಮರಿಗಳಿಗೂ ಅದೇ ದೋಷ. ಮೊದಲು ಹೆಚ್ಚಾಗಿ ಕೈಕೊಡುವುದು ಪಿ53 ಅನ್ನುವ ಜೀನ್. ಕೋಶಕ್ಕೆ ಏಟು ಬಿದ್ದಾಗ ‘ನಿಲ್ಲು, ರಿಪೇರಿ ಮಾಡಿಕೋ, ಆಗದಿದ್ದರೆ ಸಾಯಿ’ ಅಂತ ಹೇಳುವ ಕಾವಲುಗಾರ ಅದು. ಕಾವಲುಗಾರ ಹೋದ ಕೋಶದ ಮರಿಗಳು ಒಂದು ಸಣ್ಣ ತೇಪೆಯಷ್ಟು ಜಾಗ ಹಿಡಿಯುತ್ತವೆ. ಇನ್ನಷ್ಟು ಜೀನ್ ಕೆಟ್ಟರೆ ತೇಪೆ ಪಕ್ಕದ ಒಳ್ಳೆಯ ಕೋಶಗಳನ್ನು ಒತ್ತರಿಸುತ್ತಾ ಕೆಲವು ಸೆಂಟಿಮೀಟರ್ ಅಗಲಕ್ಕೆ ಬೆಳೆಯುತ್ತದೆ. ನೋಡಲು ಬಾಯಿ ನೆಟ್ಟಗೇ ಇರುತ್ತದೆ. 2003ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಬ್ರಾಕ್‌ಹೌಸ್ ಮತ್ತು ಅವರ ಜೊತೆಗಾರರು ಸ್ಲಾಟರ್ ಅವರ ಹಳೆಯ ಮಾತಿಗೆ ಜೀನ್ ಮಟ್ಟದ ಈ ವಿವರಣೆ ಕೊಟ್ಟರು: ಮೊದಲು ತೇಪೆ, ಆಮೇಲೆ ಹೊಲ, ಕೊನೆಗೆ ಗಡ್ಡೆ.

ಇಲ್ಲಿ ಸವಳಿನ ಹೋಲಿಕೆ ಸಾಲುವುದಿಲ್ಲ, ಕರಿಕೆಯ, ಅಂದರೆ ಗರಿಕೆ ಹುಲ್ಲಿನ ಹೋಲಿಕೆ ಬೇಕಾಗುತ್ತದೆ. ಒಮ್ಮೆ ರಾಮದುರ್ಗದ ಕಡೆಯ ಒಬ್ಬ ಹಿರಿಯರಿಗೆ ಇದನ್ನೆಲ್ಲಾ ವಿವರಿಸುತ್ತಿದ್ದೆ. ಅವರು ನನ್ನ ಮಾತು ಅರ್ಧಕ್ಕೇ ನಿಲ್ಲಿಸಿ, ‘ಅಂದ್ರ ಸಾಹೇಬ್ರ, ಮ್ಯಾಲ ಕಸ ಕಿತ್ತೀರಿ, ಬುಡದಾಗ ಕರಿಕಿ ಬೇರು ಹಾಸೇತಿ ಅಂತ ಆತು’ ಅಂದರು. ಎಷ್ಟು ಸರಿಯಾಗಿ ಹಿಡಿದರು! ಕೆಲವು ಬಾಯಿಗಳಲ್ಲಿ ಎರಡನೆಯ ಗಡ್ಡೆ ಬೇರೆ ಬೀಜದಿಂದ ಎದ್ದ ಬೇರೆ ಕಸ. ಇನ್ನು ಕೆಲವರಲ್ಲಿ ಎರಡೂ ಗಡ್ಡೆ ಒಂದೇ ಕರಿಕೆಯ ಬೇರಿನಿಂದ ಬೇರೆ ಬೇರೆ ಕಡೆ ಎದ್ದ ಚಿಗುರು. ಎರಡಕ್ಕೂ ಫೀಲ್ಡ್ ಅನ್ನುವ ಶಬ್ದ ನಡೆಯುತ್ತದೆ.

ಹಾಗಾದರೆ ‘ಹರಡುವುದು’ ಅಂದರೆ ಯಾವುದು? ಗಡ್ಡೆಯಿಂದ ಕ್ಯಾನ್ಸರ್ ಕೋಶಗಳು ಕಳಚಿಕೊಂಡು ರಸನಾಳ ಅಥವಾ ರಕ್ತನಾಳದಲ್ಲಿ ಸಾಗಿ ಕುತ್ತಿಗೆಯ ಗಂಟು, ಶ್ವಾಸಕೋಶ, ಎಲುಬು ಇಂಥ ಕಡೆ ಹೋಗಿ ಬೇರೂರಿದರೆ ಅದು ಹರಡುವುದು. ಅದಕ್ಕೆ ಮೆಟಾಸ್ಟಾಸಿಸ್ ಅನ್ನುತ್ತೇವೆ. ಮೊದಲಿನ ಗಡ್ಡೆ ಇದ್ದ ಜಾಗದಲ್ಲೇ, ಉಳಿದ ಕೋಶಗಳಿಂದ ಮತ್ತೆ ಬಂದರೆ ಅದು ಮರುಕಳಿಸುವುದು. ಬೇರೆ ಜಾಗದಲ್ಲಿ ಸ್ವತಂತ್ರವಾಗಿ ಹೊಸ ಕ್ಯಾನ್ಸರ್ ಎದ್ದರೆ ಸೆಕೆಂಡ್ ಪ್ರೈಮರಿ, ಅಂದರೆ ಎರಡನೆಯ ಮೂಲ ಗಡ್ಡೆ. ಇದನ್ನು ಗುರುತಿಸುವ ನಿಯಮವನ್ನು ವಾರನ್ ಮತ್ತು ಗೇಟ್ಸ್ ಅನ್ನುವವರು 1932ರಲ್ಲೇ ಹಾಕಿಕೊಟ್ಟರು. ಎರಡೂ ಗಡ್ಡೆ ಕ್ಯಾನ್ಸರ್ ಅಂತ ಖಚಿತವಾಗಿರಬೇಕು, ಎರಡೂ ಬೇರೆ ಬೇರೆಯಾಗಿರಬೇಕು, ಒಂದರಿಂದ ಇನ್ನೊಂದು ಹರಡಿ ಬಂದಿದ್ದಲ್ಲ ಅಂತ ಗೊತ್ತಾಗಬೇಕು. ಹರಡುವುದು, ಮರುಕಳಿಸುವುದು, ಸೆಕೆಂಡ್ ಪ್ರೈಮರಿ, ಫೀಲ್ಡ್ ಕ್ಯಾನ್ಸರೈಸೇಷನ್ ಈ ಮೂರರಲ್ಲಿ ಯಾವುದೂ ಅಲ್ಲ. ಅದು ರೋಗದ ಹೆಸರೂ ಅಲ್ಲ, ಹಂತದ ಹೆಸರೂ ಅಲ್ಲ. ನೆಲದ ಸ್ಥಿತಿಯನ್ನು ಹೇಳುವ ಮಾತು.

ಹಾಗಾಗಿ ‘ಅಪ್ಪಾಜಿಗೆ ಫೀಲ್ಡ್ ಕ್ಯಾನ್ಸರ್ ಆಗಿದೆ’ ಅಂತ ಹೇಳಬೇಡಿ, ಅಂಥ ಕ್ಯಾನ್ಸರ್ ಇಲ್ಲ. ‘ಬಾಯಿಯ ಒಳಪದರ ಇಡಿಯಾಗಿ ಅಪಾಯದಲ್ಲಿದೆ’ ಅಂದರೆ ಸರಿ. ಕೆಲವು ರಿಪೋರ್ಟಿನಲ್ಲಿ ಇದನ್ನೇ ಫೀಲ್ಡ್ ಇಫೆಕ್ಟ್, ಫೀಲ್ಡ್ ಡಿಫೆಕ್ಟ್ ಅಂತಲೂ ಬರೆಯುತ್ತಾರೆ. ಹಳೆಯ ಪುಸ್ತಕಗಳಲ್ಲಿ ‘ಕಂಡೆಮ್ಡ್ ಮ್ಯೂಕೋಸಾ’ ಅಂತ ಒಂದು ಮಾತಿದೆ. ಕೆಡವಲು ಬರೆದಿಟ್ಟ ಹಳೆಯ ಕಟ್ಟಡಕ್ಕೆ ಹೇಳುವ ಹಾಗೆ. ಬದುಕಿರುವ ಮನುಷ್ಯನ ಬಾಯಿಗೆ ಆ ಮಾತು ನನಗೆ ಸ್ವಲ್ಪವೂ ಸೇರುವುದಿಲ್ಲ, ನಾನು ಬರೆಯುವುದೂ ಇಲ್ಲ. ಕನ್ನಡದಲ್ಲಿ ‘ಕ್ಷೇತ್ರ ಕ್ಯಾನ್ಸರೀಕರಣ’ ಅನ್ನಬಹುದು, ಆದರೆ ಅದು ಯಾರಿಗೆ ತಿಳಿಯುತ್ತದೆ? ‘ಹೊಲ ಕೆಟ್ಟಿದೆ, ಕಾಯಬೇಕು’ ಅಂದರೆ ಸಾಕು. ಈ ಶಬ್ದ ಬಾಯಿಗೆ ಮಾತ್ರ ಸೀಮಿತವೂ ಅಲ್ಲ. ಬೀಡಿ-ಸಿಗರೇಟು ಸೇದುವವರ ಶ್ವಾಸನಾಳ, ಮೂತ್ರಕೋಶ, ಬಿಸಿಲಿಗೆ ಸುಟ್ಟ ಬಿಳಿಯರ ಚರ್ಮ, ದೊಡ್ಡ ಕರುಳು, ಇವುಗಳ ಬಗ್ಗೆಯೂ ಬಳಸುತ್ತಾರೆ.

ಈಗ ನಿಮ್ಮ ರಿಪೋರ್ಟನ್ನು ಸಾಲುಸಾಲಾಗಿ ಓದೋಣ. ಡಿಸ್‌ಪ್ಲೇಸಿಯಾ ಅಂದರೆ ಕೋಶಗಳ ಶಿಸ್ತು ತಪ್ಪಿದೆ ಅಂತ. ಚೆನ್ನಾಗಿರುವ ಪದರ ನೋಡಲು ಒಳ್ಳೆಯ ಗೌಂಡಿ ಕಟ್ಟಿದ ಗೋಡೆಯ ಹಾಗೆ. ತಳದಲ್ಲಿ ಸಣ್ಣ ಕೋಶಗಳ ಒಂದು ಸಾಲು, ಮೇಲೆ ಹೋದಂತೆ ಅಗಲವಾಗಿ ಚಪ್ಪಟೆಯಾಗುತ್ತವೆ. ಡಿಸ್‌ಪ್ಲೇಸಿಯಾದಲ್ಲಿ ಸಾಲು ತಪ್ಪುತ್ತದೆ, ಕೋಶದ ನಡುವಿನ ಕಪ್ಪು ಬೀಜ ದಪ್ಪವಾಗುತ್ತದೆ, ತಳದಲ್ಲಿ ಇರಬೇಕಾದವು ಮೇಲೆ ಹತ್ತಿರುತ್ತವೆ. ಈ ಗೊಂದಲ ಪದರದ ನಡುವಿನವರೆಗೆ ಬಂದಿದ್ದರೆ ಸಾಮಾನ್ಯವಾಗಿ ‘ಮಾಡರೇಟ್’, ಮಧ್ಯಮ ಅನ್ನುತ್ತೇವೆ. ಆದರೆ ಪದರದ ಕೆಳಗೆ ಒಂದು ತೆಳುವಾದ ಗಡಿ ಇದೆ. ಕೆಟ್ಟ ಕೋಶ ಆ ಗಡಿ ದಾಟಿ ಕೆಳಗೆ ಇಳಿದರೆ ಮಾತ್ರ ಅದು ಕ್ಯಾನ್ಸರ್. ನಿಮ್ಮ ಅಪ್ಪಾಜಿಯ ತುಂಡಿನಲ್ಲಿ ಗಡಿ ದಾಟಿಲ್ಲ. ಇದು ಸಣ್ಣ ಮಾತಲ್ಲ.

‘ಕ್ಲಿನಿಕಲ್ ಆಗಿ ಹೊಂದಿಸಿ ನೋಡಿ’ ಅಂದರೆ, ನಾವು ನೋಡಿದ್ದು ಜೋಳದ ಕಾಳಿನಷ್ಟು ತುಂಡು, ಪೂರ್ತಿ ಬಾಯಿ ನೋಡುವವರು ನೀವು, ಅಂತ ನಾವು ಚಿಕಿತ್ಸೆ ಮಾಡುವ ಡಾಕ್ಟರಿಗೆ ಹೇಳುವ ಮಾತು. ಅದಕ್ಕೆ ನೀವು ಮಾಡಬೇಕಾದ್ದು ಇಷ್ಟು. ರಿಪೋರ್ಟ್ ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ. ಮೊದಲು ಆಪರೇಷನ್ ಮಾಡಿದ ಸರ್ಜನ್ನರ ಹತ್ತಿರವೇ ಈ ವಾರದಲ್ಲೇ ಹೋಗಿ, ಹಳೆಯ ಫೈಲು ಪೂರ್ತಿ ಒಯ್ಯಿರಿ. ಮಧ್ಯಮ ಡಿಸ್‌ಪ್ಲೇಸಿಯಾ ಇರುವ ಮಚ್ಚೆ, ಅದೂ ನಾಲಿಗೆಯ ಬದಿಯಲ್ಲಿ, ಅದೂ ಮೊದಲೊಮ್ಮೆ ಕ್ಯಾನ್ಸರ್ ಆದವರಿಗೆ. ಇದನ್ನು ಪೂರ್ತಿ ಕೊಯ್ದು ಅಥವಾ ಲೇಸರ್‌ನಿಂದ ತೆಗೆಯುವುದೇ ಒಳ್ಳೆಯದು ಅಂತ ಬಹಳಷ್ಟು ಸರ್ಜನ್ನರು ಹೇಳುತ್ತಾರೆ. ನನ್ನ ಅಭಿಪ್ರಾಯವೂ ಅದೇ. ಬಾಯಿಯನ್ನು ಕೈಯಿಂದ ನೋಡಿದವರ ಮಾತು ಕೊನೆಯದು.

ಆಗ ಅವರು ಇನ್ನುಳಿದ ಬಾಯಿಗೆ ಲುಗಾಲ್ ಅಯೋಡಿನ್ ಹಚ್ಚಿ ನೋಡಬಹುದು. ನೀವೂ ಪಕ್ಕದಲ್ಲಿ ನಿಂತು ನೋಡಲು ಅನುಮತಿ ಕೇಳಿ. ಚೆನ್ನಾಗಿರುವ ಕೋಶದಲ್ಲಿ ಸಕ್ಕರೆಯ ಜಾತಿಯ ಗ್ಲೈಕೋಜನ್ ಇರುತ್ತದೆ. ಅಯೋಡಿನ್ ತಾಗಿದರೆ ಆ ಜಾಗ ಬೆಲ್ಲದ ಪಾಕದ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಟ್ಟ ಕೋಶ ತನ್ನ ಗ್ಲೈಕೋಜನ್ ಖರ್ಚು ಮಾಡಿಕೊಂಡಿರುವುದರಿಂದ ಬಣ್ಣ ಹಿಡಿಯುವುದಿಲ್ಲ, ಮಾಸಲಾಗಿ ಹಾಗೇ ಉಳಿಯುತ್ತದೆ. ಒಂದೇ ಮಚ್ಚೆ ಅಂದುಕೊಂಡ ಬಾಯಿಯಲ್ಲಿ ಮಾಸಲು ಜಾಗ ಎರಡು, ಮೂರು ಕಡೆ ಕಂಡದ್ದನ್ನು ನಾನು ನೋಡಿದ್ದೇನೆ. ಫೀಲ್ಡ್ ಅನ್ನುವ ಶಬ್ದ ಕಣ್ಣಿಗೆ ಕಟ್ಟುವುದು ಆವಾಗ. ಬಣ್ಣ ಹಿಡಿಯದ್ದೆಲ್ಲ ಕ್ಯಾನ್ಸರ್ ಅಲ್ಲ, ಹುಣ್ಣು-ಉರಿಯಿದ್ದರೂ ಹೀಗಾಗುತ್ತದೆ. ಆದರೆ ಮುಂದಿನ ತುಂಡು ಎಲ್ಲಿಂದ ತೆಗೆಯಬೇಕು ಅನ್ನುವುದಕ್ಕೆ ದಾರಿ ತೋರಿಸುತ್ತದೆ. ಗಂಟಲನ್ನೂ ದುರ್ಬೀನು ಹಾಕಿ ನೋಡುವುದು ಒಳ್ಳೆಯದು, ಯಾಕೆಂದರೆ ಹೊಲ ಅಲ್ಲಿಯವರೆಗೂ ಇದೆ.

ಬಾಯಿ, ಗಂಟಲಿನ ಕ್ಯಾನ್ಸರ್ ಒಮ್ಮೆ ಆದವರಲ್ಲಿ ಪ್ರತಿ ವರ್ಷ ನೂರಕ್ಕೆ ಎರಡರಿಂದ ನಾಲ್ಕು ಜನರಿಗೆ ಎರಡನೆಯ ಹೊಸ ಕ್ಯಾನ್ಸರ್ ಕಾಣುತ್ತದೆ ಅಂತ ಲೆಕ್ಕ. ಕೇಳಲು ಸಣ್ಣದು, ಆದರೆ ವರ್ಷ ವರ್ಷ ಕೂಡುತ್ತಾ ಹೋಗುತ್ತದೆ. ಅದಕ್ಕೇ ‘ಐದು ವರ್ಷ ಆಯಿತು, ಇನ್ನು ಬರಬೇಕಿಲ್ಲ’ ಅನ್ನುವ ಮಾತು ಇಂಥವರಿಗೆ ಇಲ್ಲ. ಮಚ್ಚೆ ತೆಗೆದ ಮೇಲೂ ಮೊದಲು ಎರಡು-ಮೂರು ತಿಂಗಳಿಗೊಮ್ಮೆ, ಆಮೇಲೆ ಡಾಕ್ಟರು ಹೇಳಿದಷ್ಟು ಅಂತರದಲ್ಲಿ, ಜೀವನಪೂರ್ತಿ ತೋರಿಸಬೇಕು. ಎರಡನೆಯದನ್ನು ಸಣ್ಣದಿರುವಾಗಲೇ ಹಿಡಿದರೆ ಸಣ್ಣ ಆಪರೇಷನ್ನಿನಲ್ಲಿ ಮುಗಿಯುತ್ತದೆ.

ಹೊಲ ಸರಿಮಾಡುವ ಗುಳಿಗೆ ಇದೆಯೇ ಅಂತ ಬಹಳ ಜನ ಕೇಳುತ್ತಾರೆ. ಪ್ರಯತ್ನ ಆಗಿದೆ. ವಿಟಮಿನ್ ಎ ಜಾತಿಯ ಐಸೋಟ್ರೆಟಿನಾಯಿನ್ ಅನ್ನುವ ಔಷಧ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಎರಡನೆಯ ಗಡ್ಡೆ ಕಡಿಮೆಯಾಯಿತು ಅಂತ 1990ರಲ್ಲಿ ವರದಿ ಬಂತು, ದೊಡ್ಡ ಆಸೆ ಹುಟ್ಟಿತು. ಆದರೆ ಅಷ್ಟು ಪ್ರಮಾಣ ಜನರಿಗೆ ತಡೆಯಲಾಗಲಿಲ್ಲ. ಕಡಿಮೆ ಪ್ರಮಾಣದಲ್ಲಿ ಕೊಟ್ಟು ಮಾಡಿದ ದೊಡ್ಡ ಪರೀಕ್ಷೆಯ ಫಲ 2006ರಲ್ಲಿ ಬಂತು, ಉಪಯೋಗ ಕಾಣಲಿಲ್ಲ. ಬೀಟಾ ಕ್ಯಾರೋಟಿನ್ ಗುಳಿಗೆಯಂತೂ ಫಿನ್ಲೆಂಡಿನ ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಜಾಸ್ತಿಯೇ ಮಾಡಿತು ಅಂತ 1994ರಲ್ಲಿ ಗೊತ್ತಾಯಿತು. ಆದ್ದರಿಂದ ಯಾರಾದರೂ ‘ಕ್ಯಾನ್ಸರ್ ತಡೆಯುವ ಪುಡಿ’ ಅಂತ ಮಾರಲು ಬಂದರೆ ದುಡ್ಡು ಕೊಡಬೇಡಿ.

ಕೆಲಸ ಮಾಡುವುದು ನೀರು ಬಂದ್ ಮಾಡುವುದು. ಸವಳು ಹೊಲಕ್ಕೆ ಎಷ್ಟು ಗೊಬ್ಬರ ಹಾಕಿದರೂ, ಮೊದಲು ನೀರು ನಿಲ್ಲಿಸಿ ಬಸಿಗಾಲುವೆ ತೆಗೆಯದೇ ಅದು ಸುಧಾರಿಸುವುದಿಲ್ಲ ಅಲ್ವಾ? ‘ಆಗಿದ್ದು ಆಗಿಹೋಯಿತು, ಇನ್ನು ತಂಬಾಕು ಬಿಟ್ಟು ಏನು ಬಂತು’ ಅನ್ನುವ ಮಾತು ನಿಪ್ಪಾಣಿಯಿಂದ ಮುಧೋಳದವರೆಗೂ ಕೇಳುತ್ತೇನೆ. ಫೀಲ್ಡ್ ಅನ್ನುವ ಶಬ್ದ ಇದಕ್ಕೆ ಸರಿಯಾಗಿ ತಿರುಗುಬಾಣ. ಅರ್ಧ ದಾರಿಯಲ್ಲಿ ನಿಂತಿರುವ ಕೋಶಗಳು ಬಾಯಿಯಲ್ಲಿ ಇನ್ನೂ ಇವೆ. ದಿನಾ ತಂಬಾಕು ಹಾಕಿದರೆ ನಾವೇ ಅವನ್ನು ಮುಂದೆ ದೂಡಿದಂತೆ. ಬಿಟ್ಟರೆ ಅಪಾಯ ವರ್ಷ ಕಳೆದಂತೆ ಇಳಿಯುತ್ತದೆ. ಸೊನ್ನೆ ಆಗುವುದಿಲ್ಲ, ಇಳಿಯುವುದು ಮಾತ್ರ ಖರೆ. ತಂಬಾಕು ಬಿಟ್ಟು ಬರೀ ಎಲೆ-ಅಡಿಕೆ ಹಾಕಿಕೊಳ್ಳುತ್ತೇನೆ ಅಂದರೂ ಒಪ್ಪಬೇಡಿ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟಕಾ ನಿಷೇಧ ಆಯಿತು. ಈಗ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ ಬೇರೆ ಬೇರೆ ಕೊಂಡು ಅಂಗೈಯಲ್ಲಿ ಕೂಡಿಸಿ ಹಾಕುತ್ತಾರೆ. ಬಾಯಿಗೆ ಅದರಿಂದ ಏನೂ ವ್ಯತ್ಯಾಸ ಇಲ್ಲ. ಮನೆಯ ಹೆಣ್ಣುಮಕ್ಕಳು ಹಲ್ಲಿಗೆ ಮಿಶ್ರಿ ತಿಕ್ಕುತ್ತಿದ್ದರೆ ಅದೂ ತಂಬಾಕೇ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಪ್ಪಾಜಿಯನ್ನು ಬೈದು ಬಿಡಿಸಲು ಹೋಗಬೇಡಿ. ಅವರು ಹಠದಿಂದ ಡಬ್ಬಿ ಹಿಡಿದಿಲ್ಲ. ಮುಗಿಯಿತು ಅನ್ನುವ ಹೆದರಿಕೆಯಿಂದ ಹಿಡಿದಿದ್ದಾರೆ. ಮುಗಿದಿಲ್ಲ ಅಂತ ತಿಳಿದರೆ ಅರ್ಧ ಕೆಲಸ ಆಗುತ್ತದೆ. ಉಳಿದ ಅರ್ಧಕ್ಕೆ 1800-11-2356 ನಂಬರಿಗೆ ಫೋನ್ ಮಾಡಿಸಿ. ತಂಬಾಕು ಬಿಡುವವರಿಗೆ ಸಹಾಯ ಮಾಡುವ ಸರ್ಕಾರದ ಉಚಿತ ಲೈನ್ ಅದು, ತಂಬಾಕಿನ ಪ್ಯಾಕೆಟ್ಟಿನ ಮೇಲೆಯೇ ಇರುತ್ತದೆ.

ಇನ್ನು ನಿಮ್ಮ ತಮ್ಮ. ಮೊಬೈಲಿನಲ್ಲಿ ಹುಡುಕಿದ್ದು ಅಪ್ಪನ ಮೇಲಿನ ಪ್ರೀತಿಯಿಂದಲೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಅವರಿಗೆ ಒಂದು ಕೆಲಸ ಹೇಳಿ. ಬೆಳಗ್ಗೆ ಬಾಯಿ ತೊಳೆದು, ಕನ್ನಡಿ ಮುಂದೆ ನಿಂತು, ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನೆಟ್ಟಗೆ ಜೋಡಿಸಿ ಮೇಲಿನ-ಕೆಳಗಿನ ಹಲ್ಲಿನ ನಡುವೆ ಇಡಲಿ. ಮೂರೂ ಸಲೀಸಾಗಿ ಹಿಡಿಸಬೇಕು. ಎರಡೇ ಹಿಡಿಸಿದರೆ, ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಗೆ ಬಿರುಸಾದ ಪಟ್ಟಿ ಕೈಗೆ ಹತ್ತಿದರೆ, ಅವರ ಬಾಯಿಯಲ್ಲೂ ಅದೇ ಹೊಲ ತಯಾರಾಗುತ್ತಿರಬಹುದು. ಹಿಡಿಸಿದರೂ ಸುಮ್ನೆ ಬಿಡಬೇಡಿ. ಅಪ್ಪಾಜಿಯನ್ನು ತೋರಿಸಲು ಬರುವ ದಿನ ಅವರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಬನ್ನಿ. ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತು ಅವರೂ ಬಾಯಿ ತೆರೆಯಲಿ.